ಹಾರೆಯ ಮಂಡಿ

ಹಳೆಯ ಕಟ್ಟಡ ಕೆಡವುವುದು ಅವನ ಕೆಲಸ. ಕಟ್ಟುವ ಮೇಸ್ತ್ರಿಯನ್ನು ಹೆಸರು ಹಿಡಿದು ಕರೆಯುವವರು ಇರುತ್ತಾರೆ, ಕೆಡವುವವನಿಗೆ ಅಡ್ಡಹೆಸರೇ ಗತಿ. ಇವನನ್ನು ಹಾರೆ ಎನ್ನುತ್ತಿದ್ದರು. ಕೈಯಲ್ಲಿ ಸದಾ ಕಬ್ಬಿಣದ ಹಾರೆ ಇರುತ್ತಿತ್ತು ಎಂಬುದು ಒಂದು ಕಾರಣ. ಸಂದು ಕಂಡಲ್ಲಿ ನುಗ್ಗಿ ಮೀಟುವುದು ಅವನ ಸ್ವಭಾವವೂ ಆಗಿತ್ತು ಎಂಬುದು ಇನ್ನೊಂದು. ಅವನ ಜೊತೆಗೇ ದುಡಿಯುತ್ತಿದ್ದ ತಮ್ಮ, ಕಿತ್ತ ಮರದಿಂದ ಮೊಳೆ ತೆಗೆಯುವುದರಿಂದ ಶುರು ಮಾಡಿದ್ದವನು, ಮೊಳೆ ಎಂದಾದ. ಇಬ್ಬರಿಗೂ ದೊಡ್ಡವಳು ಅಕ್ಕ, ಗಂಡ ತೀರಿದ ಮೇಲೆ ಹಾರೆಯ ಮನೆಯಲ್ಲೇ ಇದ್ದಳು. ಅವಳಿಗೆ ಅಡ್ಡಹೆಸರಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಹಾರೆ ಗೋಡೆ ಬೀಳಿಸುವುದನ್ನು ನೋಡಲು ದಾರಿಹೋಕರು ನಿಲ್ಲುತ್ತಿದ್ದರು. ಬುಡದಲ್ಲಿ ಒಂದಷ್ಟು ಇಟ್ಟಿಗೆ ಕಿತ್ತು, ಮೇಲಕ್ಕೊಮ್ಮೆ ನೋಡಿ, ಭುಜ ಕೊಟ್ಟನೆಂದರೆ ಗೋಡೆ ನರಳಿದ ಹಾಗೆ ಸದ್ದು ಮಾಡಿ ಅಡ್ಡಬೀಳುತ್ತಿತ್ತು. ಬಾಗಿಲು ಕಿಟಕಿಗಳ ಚೌಕಟ್ಟು ಬಿಚ್ಚುವ ಅವನ ರೀತಿಯಂತೂ ಬೇರೆಯೇ. ಉಳಿದವರು ಇಬ್ಬರು ಹಿಡಿದುಕೊಂಡು ಮೂರನೆಯವನು ಮೀಟುತ್ತಾನೆ. ಇವನು ಚೌಕಟ್ಟನ್ನು ನೆಲಕ್ಕೆ ಕೆಡವಿ, ಎಡಮಂಡಿಯನ್ನು ಅದರ ಮೇಲೆ ಊರಿ, ಮೈಭಾರವನ್ನೆಲ್ಲ ಅಲ್ಲಿಗೇ ಬಿಟ್ಟು ಒಬ್ಬನೇ ಮೀಟುತ್ತಿದ್ದ. ಜೋಡಣೆ ಚರ್ರೆಂದು ಬಿಟ್ಟುಕೊಳ್ಳುತ್ತಿತ್ತು. ಜಗಳದಲ್ಲೂ ಅದೇ ವರಸೆ. ಎದುರಿನವನನ್ನು ಬೀಳಿಸಿ ಎದೆಯ ಮೇಲೆ ಎಡಮಂಡಿ ಊರಿದನೆಂದರೆ ಆಮೇಲೆ ಕೈಗೆ ಕೆಲಸವೇ ಇರುತ್ತಿರಲಿಲ್ಲ. ಒಬ್ಬ ಲಾರಿ ಡ್ರೈವರನ ಪಕ್ಕೆಲುಬು ಮುರಿದದ್ದು ಆ ಮಂಡಿಯ ಕೆಳಗೆ. ಹೆಂಡತಿಯೂ ಒಂದು ದಿನ ಅದರ ಕೆಳಗೆ ಬಿದ್ದಳು. ಎದ್ದವಳು ಮುಖ ತೊಳೆದುಕೊಂಡಳು, ಬಾಯಲ್ಲಿದ್ದ ರಕ್ತ ಉಗುಳಿದಳು, ಟ್ರಂಕು ಎತ್ತಿಕೊಂಡು ಹೋದಳು. ಮತ್ತೆ ಆ ಬೀದಿಗೆ ಕಾಲಿಡಲಿಲ್ಲ.

ಪೆಟ್ಟು ಆ ಮನೆಗೆ ಹೊಸದಲ್ಲ. ಅಪ್ಪ ಬೆಲ್ಟಿಗೆ ಕೈ ಹಾಕಿದರೆ ಮಕ್ಕಳು ಮಂಚದ ಕೆಳಗೆ ಸೇರುತ್ತಿದ್ದರು, ಅವನು ಮಂಚವನ್ನೇ ಎತ್ತಿ ಹಾಕುತ್ತಿದ್ದ. ಅಮ್ಮ ಪ್ರೀತಿಯ ಹೆಂಗಸು. ಆದರೆ ಅವಳ ಪ್ರೀತಿಗೂ ಗೊತ್ತಿದ್ದದ್ದು ಪೆಟ್ಟಿನ ಭಾಷೆಯೇ. ಮಗು ಎಡವಿ ಬಿದ್ದು ಅತ್ತರೆ ತಾಯಂದಿರು ನೆಲಕ್ಕೆ ಎರಡು ಬಾರಿಸಿ, "ನೋಡು, ಕಂದನಿಗೆ ನೋವು ಮಾಡ್ತಲ್ಲ, ಅದಕ್ಕೆ ಸರಿಯಾಗಿ ಕೊಟ್ಟೆ" ಅಂತ ಸಮಾಧಾನ ಮಾಡುತ್ತಾರಲ್ಲ, ಎಲ್ಲರ ಮಕ್ಕಳೂ ಅದನ್ನು ಮರೆತು ದೊಡ್ಡವರಾಗುತ್ತಾರೆ. ಹಾರೆ ಮರೆಯಲಿಲ್ಲ. ಹೊಟ್ಟೆನೋವೆಂದು ಅತ್ತುಕೊಂಡು ಬಂದರೂ ಅಮ್ಮ ಕೇಳುತ್ತಿದ್ದದ್ದು "ಎಲ್ಲಿ ನೋವು" ಅಂತಲ್ಲ, "ಯಾರು ಹೊಡೆದ್ರು" ಅಂತ. ನೋವು ಅಂದಮೇಲೆ ಹೊಡೆದವನೊಬ್ಬ ಇರಬೇಕು, ಅವನಿಗೆ ತಿರುಗಿಸಿ ಕೊಟ್ಟರೆ ನೋವು ಹೋಗಬೇಕು. ಅವನ ತಲೆಯಲ್ಲಿ ಲೆಕ್ಕ ಇಷ್ಟೇ.

ನಲವತ್ತರ ಹತ್ತಿರ ಅವನಿಗೆ ಮುಖ ಊದಿತು, ಕಾಲು ಊದಿತು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಒಡಹುಟ್ಟಿದವರು ಯಾರಾದರೂ ಒಂದು ಕೊಟ್ಟರೆ ಬದುಕಬಹುದು ಅಂದರು. ತಮ್ಮನನ್ನು ಪರೀಕ್ಷೆಗೆ ಕರೆದ ದಿನ ಅವನು ಕಾಲಿಗೆ ಬುದ್ಧಿ ಹೇಳಿದ, ಒಂದು ವಾರ ಮುಖವೇ ತೋರಿಸಲಿಲ್ಲ. ಅಕ್ಕ ಸೆರಗು ಸಿಕ್ಕಿಸಿಕೊಂಡು ತಾನೇ ಹೋದಳು. ಅವಳದು ಹೊಂದಿತು. ಆಪರೇಷನ್ನಿಗೆ ಒಳಗೆ ಹೋಗುವ ಮುಂಚೆ ಪಕ್ಕದ ಗಾಲಿಮಂಚದಿಂದ ಕತ್ತು ತಿರುಗಿಸಿ ಅಂದಳು, "ಇದು ಹೆಂಗಸಿನ ಕಿಡ್ನಿ ಕಣೋ. ನಿನ್ನ ಒದ್ದಾಟ ಜಾಸ್ತಿ ಆದ್ರೆ ನಿನ್ನ ಹೆಂಡತಿ ಥರ ಎದ್ದು ಹೋಗುತ್ತೆ. ಹುಷಾರು."

ಹೊಸ ಕಿಡ್ನಿ ನಿಂತಿತು. ಅದರ ಡಾಕ್ಟರು ಅವನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಮೈಯೊಳಗೆ ಕಾವಲುಗಾರರಿರುತ್ತಾರೆ, ಅವರಿಗೆ ಈ ಕಿಡ್ನಿ ಪರಕೀಯ, ಹೊಡೆದು ಹಾಕುತ್ತಾರೆ. ಅದಕ್ಕೇ ಅವರನ್ನು ಮಲಗಿಸುವ ಮಾತ್ರೆ, ಬದುಕಿರುವವರೆಗೂ. ಕಾವಲು ಮಲಗಿದ್ದಾಗ ಕಳ್ಳ ಸುಲಭವಾಗಿ ನುಗ್ಗುತ್ತಾನೆ. "ಧೂಳು, ಹಳೇ ಗೋಡೆ, ನೆಂದು ಕೊಳೆತ ಮರ, ಬೂಷ್ಟು, ಇವುಗಳ ಹತ್ತಿರ ನೀವು ಹೋಗೋ ಹಾಗಿಲ್ಲ" ಅಂದರು. ಹಾರೆ ತಲೆ ಆಡಿಸಿದ. ಮಾತ್ರೆಯನ್ನು ಅಕ್ಕನ ಹೆದರಿಕೆಗೆ ಹೊತ್ತು ಹೊತ್ತಿಗೆ ನುಂಗಿದ. ಆದರೆ ಮೈಗೆ ಬಲ ಬಂದದ್ದೇ ಹಾರೆ ಹಿಡಿದು ಹೊರಟ.

"ಡಾಕ್ಟ್ರು ಏನಂದ್ರು?" ಅಂತ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಗೋಡೆ ಕೆಡವದೆ ಇನ್ನೇನು ಕೆಡವಲಿ ನಾನು?"

"ನಿನ್ನ ಅಹಂಕಾರ ಕೆಡವು. ಅದಕ್ಕೆ ಧೂಳು ಏಳಲ್ಲ."

ಅವನು ಅವಳ ಪಕ್ಕದಿಂದ ನುಸುಳಿ ಹೋದ.

ಆ ಸಲ ಒಪ್ಪಿಕೊಂಡದ್ದು ಒಂದು ಹಳೆಯ ಗೋಡೌನು. ವರ್ಷಗಟ್ಟಲೆ ಮಾಡು ಸೋರಿ ಒಳಗೆಲ್ಲ ತೇವ. ತೊಲೆಗಳ ಮೇಲೆ ಬಿಳಿ, ಹಸಿರು, ಕಪ್ಪು ಬೂಷ್ಟು ಹತ್ತಿಕಾಯಿ ಬಿರಿದ ಹಾಗೆ ಅರಳಿತ್ತು. ಹಾರೆ ಒಂದು ತೊಲೆಯನ್ನು ಕೆಳಗೆ ಎಳೆದು, ಎಂದಿನಂತೆ ಎಡಮಂಡಿ ಊರಿ ಮೀಟಿದ. ಮರ ಕೊಳೆತು ಲಡ್ಡಾಗಿತ್ತು, ಪಿಸಕ್ಕನೆ ಕುಸಿಯಿತು, ಒಂದು ಸಿಬಿರು ಪ್ಯಾಂಟು ಹರಿದು ಮಂಡಿಚಿಪ್ಪಿನ ಒಳಮಗ್ಗುಲಿಗೆ ನಾಟಿತು. ಇಕ್ಕಳದಲ್ಲಿ ಕಿತ್ತ. ಎಂಜಲು ಸವರಿದ. ಆ ಕೆಲಸದಲ್ಲಿ ದಿನಾ ಏನಾದರೊಂದು ಚುಚ್ಚುತ್ತಿತ್ತು, ಯಾವುದನ್ನೆಂದು ನೆನಪಿಡುವುದು.

ಅದೇ ವಾರ ತಮ್ಮನ ಜೊತೆ ಹೊಡೆದಾಟವಾಯಿತು. ಗೋಡೆ ಬೀಳಿಸುವವನು ಮೊದಲು "ಬಂತು" ಅಂತ ಕೂಗಬೇಕು. ಮೊಳೆ ಕೂಗದೆ ತಳ್ಳಿದ. ಒಂದು ಇಟ್ಟಿಗೆ ಹಾರೆಯ ಕಿವಿ ಸವರಿಕೊಂಡು ಹೋಗಿ ಹಿಂದೆ ಪುಡಿಯಾಯಿತು. ಹಾರೆ ತಿರುಗಿ ನೋಡಿದ. ಕಲ್ಲುಮಣ್ಣಿನ ರಾಶಿಯ ಮೇಲೆ ತಮ್ಮನನ್ನು ಕೆಡವಿ ಎದೆಯ ಮೇಲೆ ಮಂಡಿ ಊರಿದ.

"ಅವತ್ತು ಆಸ್ಪತ್ರೆಯಿಂದ ಓಡಿಹೋಗಿ ಸಾಯಿಸಕ್ಕೆ ನೋಡಿದೆ. ಆಗಲಿಲ್ಲ ಅಂತ ಇವತ್ತು ಗೋಡೆ ತಳ್ಳಿದೆಯಾ?"

"ಬಿಡೋ, ಉಸಿರು..." ಅಂದ ಮೊಳೆ. ಮುಖ ನೀಲಿಯಾಗುತ್ತಿತ್ತು. ಕೈಗೆ ಸುತ್ತಿಗೆಯ ಮರದ ಕಾವು ಸಿಕ್ಕಿತು. ಕಣ್ಣುಮುಚ್ಚಿ ಬೀಸಿದ. ಅದು ಅಣ್ಣನ ಎಡಮಂಡಿಯ ಹೊರಮಗ್ಗುಲಿಗೆ ಬಿತ್ತು. ಕೆಲಸದವರು ಓಡಿ ಬಂದು ಬಿಡಿಸಿದರು, ಬಿಡಿಸಿದವರಿಗೂ ಎರಡೆರಡು ಬಿತ್ತು.

ಮಂಡಿ ಊದಲು ಶುರುವಾದದ್ದು ಸುಮಾರು ದಿನಗಳ ಮೇಲೆ. ಜ್ವರವಿಲ್ಲ, ಕೆಂಪಿಲ್ಲ. ಮೆತ್ತಗೆ, ಕಳ್ಳನ ಹಾಗೆ ಊದಿತು. ಹಾರೆಗೆ ಅದರಲ್ಲಿ ಯೋಚಿಸುವುದಕ್ಕೇನೂ ಇರಲಿಲ್ಲ. ಯಾರು ಹೊಡೆದರು ಎಂಬುದಕ್ಕೆ ಉತ್ತರ ಕೈಯಲ್ಲೇ ಇತ್ತಲ್ಲ. ಎಣ್ಣೆ ಹಾಕಿ ಉಳುಕು ತೆಗೆಯುವವನ ಬಳಿ ಹೋಗಿ "ತಮ್ಮ ಹೊಡೆದ" ಅಂದ. ಅವನು ಹೆಬ್ಬೆರಳು ಇಳಿಸಿ ಮಂಡಿಯನ್ನು ಹಿಟ್ಟು ನಾದಿದ ಹಾಗೆ ನಾದಿದ. ಹಾರೆ ಬೆಂಚಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ತಡೆದುಕೊಂಡ. ಊತ ತೊಡೆಗೆ ಏರಿತು. ಬೀದಿ ಕೊನೆಯ ಕ್ಲಿನಿಕ್ಕಿನಲ್ಲೂ ಅದನ್ನೇ ಅಂದ, "ತಮ್ಮ ಹೊಡೆದ." ಅಲ್ಲಿಯ ಡಾಕ್ಟರು ಏಟಿನ ಬಾವು ಅಂತ ಕೀಲಿನೊಳಕ್ಕೇ ಒಂದು ಸೂಜಿ ಚುಚ್ಚಿದರು. ನೋವು ಮಾಯವಾಯಿತು. ಕೆಲವು ದಿನ ಕುಣಿದಾಡಿದ. ಆಮೇಲೆ ಅದು ಎರಡರಷ್ಟಾಗಿ ತಿರುಗಿ ಬಂತು. ಕಿಡ್ನಿ ಹಾಕಿಸಿಕೊಂಡಿರುವ ಸುದ್ದಿ ಎರಡೂ ಕಡೆ ಬಾಯಿಗೆ ಬರಲಿಲ್ಲ, ಸಿಬಿರು ನೆನಪಿಗೂ ಬರಲಿಲ್ಲ. ಹೊಡೆದವನ ಹೆಸರು ಹೇಳಿದ ಮೇಲೆ ಇನ್ನೇನು ಹೇಳುವುದಿರುತ್ತದೆ?

"ಕಿಡ್ನಿ ಹಾಕಿದ ದೊಡ್ಡಾಸ್ಪತ್ರೆಗೇ ಹೋಗೋಣ ಬಾ" ಅಂತ ಅಕ್ಕ ಬೇಡಿದಳು.

"ಅದಕ್ಕೂ ಇದಕ್ಕೂ ಏನು ಸಂಬಂಧ? ಅದು ಹೊಟ್ಟೇಲಿದೆ, ಇದು ಕಾಲಲ್ಲಿದೆ."

"ಎರಡೂ ನಿನ್ನಲ್ಲೇ ಇದೆ ಅಲ್ವೇನೋ, ದಡ್ಡ."

ಒಂದು ಬೆಳಿಗ್ಗೆ ಚೌಕಟ್ಟಿನ ಮೇಲೆ ಮಂಡಿ ಊರಿದ. ಮಂಡಿ ಒಳಕ್ಕೆ ಕುಸಿಯಿತು. ಪಕ್ಕಕ್ಕೆ ಉರುಳಿ, ಬಾಯಿಗೆ ಮಣ್ಣು ತುಂಬಿ, ಎಲ್ಲರೆದುರು ಮಗುವಿನ ಹಾಗೆ ಕಿರುಚಿದ. ಯಾರೋ ಹಿಂದಿನಿಂದ "ಹಾರೆ ಬಗ್ಗಿತು ಕಣ್ರೋ" ಅಂದ. ನಕ್ಕರು. ಹಾರೆ ಗೋಡೆ ಹಿಡಿದು ಎದ್ದ, ಕಾಲು ಎಳೆಯುತ್ತ ನೇರ ತಮ್ಮನ ಮನೆಗೆ ನಡೆದ.

ಮೊಳೆ ಒಂದೇ ಕೋಣೆಯ ಆ ಮನೆಯಲ್ಲಿ ಕನ್ನಡಿ ಮುಂದೆ ಗಡ್ಡ ಕೆರೆದುಕೊಳ್ಳುತ್ತಿದ್ದ. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. "ಬನ್ನಿ ಭಾವ, ಕೂತ್ಕೊಳ್ಳಿ" ಅಂತ ಕುರ್ಚಿಯ ಮೇಲಿನ ಬಟ್ಟೆ ತೆಗೆದಳು. ಹಾರೆ ಕೂರಲಿಲ್ಲ. ತಮ್ಮನ ಕುತ್ತಿಗೆಗೆ ಕೈ ಹಾಕಿ ಬಾಗಿಲ ಬಳಿಗೆ ಎಳೆದ. ಬಲಗೈ ತಿರುಚಿ ಚೌಕಟ್ಟಿಗೆ ಒತ್ತಿ ಹಿಡಿದ.

"ಈ ಕೈ ತಾನೆ?"

"ಅಣ್ಣ, ಬೇಡ."

"ಕೇಳಿದ್ದಕ್ಕೆ ಹೇಳು. ಈ ಕೈಯೇ ತಾನೆ?"

ಬಾಗಿಲನ್ನು ಎಳೆದು ಹೊಡೆದ. ಒಂದು ಸಲ, ಮತ್ತೊಂದು ಸಲ. ಮೂರನೆಯ ಸಲಕ್ಕೆ ಒಣಕಡ್ಡಿ ಮುರಿದ ಸದ್ದು ಬಂತು. ಮೊಳೆ ಕೂಗಲೂ ಇಲ್ಲ, ಸೋಪಿನ ನೊರೆ ಅರ್ಧ ಮುಖದಲ್ಲಿರುವಂತೆಯೇ ಚೌಕಟ್ಟಿಗೆ ಒರಗಿ ಜಾರಿದ. ಅವನ ಹೆಂಡತಿ ಕೈಗೆ ಸಿಕ್ಕ ಪಾತ್ರೆಯಿಂದ ಹಾರೆಯ ಬೆನ್ನಿಗೆ, ತಲೆಗೆ ಬಡಿದಳು. ಪಾತ್ರೆ ನೆಗ್ಗಿ ಹೋಗುವವರೆಗೆ ಬಡಿದಳು. "ನಿಮ್ಮ ಮಂಡಿ ಕೊಳೆತು ಹೋಗ್ಲಿ. ಹುಳ ಬೀಳ್ಲಿ" ಅಂತ ಶಪಿಸಿದಳು.

ಶಾಪ ತಡವಾಗಿ ಬಂದಿತ್ತು. ಹಾರೆ ಮೆಟ್ಟಿಲು ಇಳಿಯುತ್ತಿದ್ದಂತೆ ಮಂಡಿಯ ಚರ್ಮ ಬಿರಿಯಿತು. ಬಿಸಿಬಿಸಿಯಾಗಿ ಏನೋ ಹರಿದು ಚಪ್ಪಲಿ ತುಂಬಿತು. ಬಗ್ಗಿ ನೋಡಿದ. ಕೀವಿನಲ್ಲಿ ಸಣ್ಣಸಣ್ಣ ಕಪ್ಪು ಚೂರುಗಳಿದ್ದವು. ತಮ್ಮನ ಕೈಯನ್ನಂತೂ ಮುರಿದಾಗಿದೆ, ನೋವು ಮಾತ್ರ ಇದ್ದಲ್ಲೇ ಇದೆ. ಅದೊಂದು ಅವನಿಗೆ ಅರ್ಥವಾಗಲಿಲ್ಲ. ಅಲ್ಲೇ ಬಿದ್ದ.

ದೊಡ್ಡಾಸ್ಪತ್ರೆಯ ಮೂಳೆ ಡಾಕ್ಟರು ಗಿಡ್ಡ ಹೆಂಗಸು, ಹಗುರ ಮಾತು. ಮಂಡಿ ತೆರೆದು ತೊಳೆದರು, ಕೊಳೆತ ಮೂಳೆಯನ್ನು ಕೆರೆದು ತೆಗೆದರು, ಒಳಗಿನ ನೀರನ್ನು ಪರೀಕ್ಷೆಗೆ ಇಟ್ಟರು. ಅದರ ಫಲ ಬರುವ ಹೊತ್ತಿಗೆ ಹಾರೆ ವಾರ್ಡಿನವರಿಗೆಲ್ಲ ತಮ್ಮನ ಕಥೆ ಹೇಳಿ ಮುಗಿಸಿದ್ದ.

"ಏಟಲ್ಲ ಇದು" ಅಂದರು ಡಾಕ್ಟರು. "ಬೂಷ್ಟು. ಹಳಸಿದ ಬ್ರೆಡ್ ಮೇಲೆ ಬರುತ್ತಲ್ಲ, ಅದೇ ಜಾತಿ. ಮಂಡಿಯೊಳಗೆ ಬೆಳೆದು ಮೂಳೆ ತಿಂತಾ ಇದೆ."

"ನಾನಿನ್ನೂ ಬದುಕಿದ್ದೀನಿ ಡಾಕ್ಟ್ರೇ. ಬದುಕಿರೋ ಮನುಷ್ಯನಿಗೆ ಬೂಷ್ಟು ಹಿಡಿಯುತ್ತಾ?"

"ಬೇರೆಯವರಿಗಾದ್ರೆ ಮೈಯೇ ಹೊಡೆದು ಓಡಿಸ್ತಿತ್ತು. ನಿಮ್ಮ ಕಾವಲಿನವರು ಮಾತ್ರೆ ತಿಂದು ಮಲಗಿದ್ದಾರೆ. ಅದರ ಮೇಲೆ ಆ ಕ್ಲಿನಿಕ್ಕಿನ ಸ್ಟಿರಾಯ್ಡ್ ಸೂಜಿ, ಉಳಿದಿದ್ದ ಒಬ್ಬಿಬ್ಬರನ್ನೂ ಮಲಗಿಸ್ತು. ಇನ್ನೊಂದು, ಇದು ಒಳಗೆ ಸಿಕ್ತು." ಒಂದು ಪುಟ್ಟ ಬಾಟಲಿ ಕೊಟ್ಟರು. ಅದರೊಳಗಿನ ನೀರಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಮರದ ಚೂರು.

ಹಾರೆಯ ಮುಖ ಅರಳಿತು. "ನೋಡಿದೆಯಾ ಅಕ್ಕ. ಅವನ ಸುತ್ತಿಗೆ ಕಾವಿನ ಸಿಬಿರು. ನಾನು ಹೇಳಲಿಲ್ವಾ?"

ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಲುಗಿಸಿದ. ಚೂರು ತೇಲುತ್ತ ಇಬ್ಭಾಗವಾಯಿತು. ಸುತ್ತಿಗೆಗೆ ಹಾಕುವ ಕಾವು ಗಟ್ಟಿಮರ, ಬೆಳ್ಳನೆಯದು, ನೀರಲ್ಲಿ ಬಿದ್ದಿದ್ದರೂ ಎಳೆ ಬಿಡುವುದಿಲ್ಲ. ಇದು ಕಪ್ಪಗಿತ್ತು, ನೆನೆದ ರಟ್ಟಿನ ಹಾಗೆ ಎಳೆ ಬಿಟ್ಟಿತ್ತು. ಇಂಥ ಮರವನ್ನು ಅವನು ಎಲ್ಲಿ ಕಿತ್ತಿದ್ದ ಎಂಬುದು ನಿಧಾನವಾಗಿ ನೆನಪಿಗೆ ಬಂತು. ಚುಚ್ಚಿದ್ದು ಒಳಮಗ್ಗುಲಿಗೆ ಅಂತಲೂ, ಏಟು ಬಿದ್ದದ್ದು ಹೊರಮಗ್ಗುಲಿಗೆ ಅಂತಲೂ. ಬಾಟಲಿಯನ್ನು ಮೆಲ್ಲಗೆ ಪಕ್ಕದಲ್ಲಿಟ್ಟ.

"ಯಾರದು?" ಅಂದಳು ಅಕ್ಕ.

"ಗೋಡೌನಿನ ತೊಲೇದು."

"ಮತ್ತೆ ತಮ್ಮನ ಕೈ?"

ಅವನು ಗೋಡೆಯ ಕಡೆ ಹೊರಳಿದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಅಂತ ಗಾದೆ. ಅಕ್ಕ ಬಾಟಲಿಯನ್ನು ಸೆರಗಿನಲ್ಲಿ ಒರೆಸಿ ಅವನಿಗೆ ಕಾಣುವ ಹಾಗೆ ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಆಮೇಲೆ ಶುರುವಾಯಿತು ನಿಜವಾದ ಹೊಡೆದಾಟ. ಬೂಷ್ಟು ಕೊಲ್ಲುವ ಔಷಧಿಯನ್ನು ಡ್ರಿಪ್ಪಿನಲ್ಲಿ ಬಿಟ್ಟರೆ ಹಾರೆಗೆ ಚಳಿ ಹತ್ತುತ್ತಿತ್ತು. ಚಳಿಯೆಂದರೆ ಅಂಥಿಂಥದ್ದಲ್ಲ. ಕಬ್ಬಿಣದ ಮಂಚ ನೆಲ ಬಿಟ್ಟು ಕುಣಿಯುತ್ತಿತ್ತು, ಹಲ್ಲು ಹಲ್ಲಿಗೆ ಬಡಿದು ನಾಲಿಗೆ ಸೀಳುತ್ತಿತ್ತು. ಇಬ್ಬರು ನರ್ಸುಗಳು ಭುಜ ಒತ್ತಿ ಹಿಡಿದರೆ ಅಕ್ಕ ಸೊಂಟದ ಮೇಲೆ ಮಲಗಿಬಿಡುತ್ತಿದ್ದಳು. ಗೋಡೆ ಬೀಳಿಸಿದ ಭುಜ ಅವರ ಕೈಯಡಿ ಹಕ್ಕಿಮರಿಯ ಹಾಗೆ ಅದುರುತ್ತಿತ್ತು. ಹೊಡೆಯುವವನು ಎದುರಿಗಿಲ್ಲ, ತಿರುಗಿ ಹೊಡೆಯೋಣವೆಂದರೆ ಮುಖವಿಲ್ಲ. ಒಂದು ಸಲ ತಡೆಯಲಾರದೆ ತನ್ನ ಮಂಡಿಗೇ ಗುದ್ದಿದ. ಹೊಲಿಗೆ ಬಿಚ್ಚಿಕೊಂಡು ಹಾಸಿಗೆ ಕೆಂಪಾಯಿತು. ಮತ್ತೆ ಒಳಗೆ ಕರೆದೊಯ್ದು ಮತ್ತೆ ಕೆರೆದರು. ಬೂಷ್ಟು ಇನ್ನೂ ಮೇಲಕ್ಕೆ, ತೊಡೆಮೂಳೆಗೆ ಬಾಯಿ ಹಾಕಿತ್ತು.

ಒಂದು ಬೆಳಿಗ್ಗೆ ಮೂಳೆ ಡಾಕ್ಟರು, ಕಿಡ್ನಿ ಡಾಕ್ಟರು ಇಬ್ಬರೂ ಒಟ್ಟಿಗೆ ಬಂದರು. ಇಬ್ಬರೂ ಒಟ್ಟಿಗೆ ಬಂದರೆಂದರೆ ಒಳ್ಳೆಯ ಸುದ್ದಿಯಲ್ಲ ಅಂತ ವಾರ್ಡಿಗೇ ಗೊತ್ತಿತ್ತು.

"ಈ ಔಷಧಿ ಬೂಷ್ಟಿಗೂ ಹೊಡೆಯುತ್ತೆ, ಕಿಡ್ನಿಗೂ ಹೊಡೆಯುತ್ತೆ" ಅಂದರು ಕಿಡ್ನಿ ಡಾಕ್ಟರು. "ಈಗಾಗಲೇ ಕಿಡ್ನಿ ಸೋಲ್ತಾ ಇದೆ. ಕಾಲು ಉಳಿಸಿಕೊಳ್ಳೋಣ ಅಂತ ಇದನ್ನೇ ತಿಂಗಳುಗಟ್ಟಲೆ ಕೊಟ್ಟರೆ ಅದು ನಿಲ್ಲೋದು ಕಷ್ಟ."

"ಇಲ್ಲ ಅಂದ್ರೆ?"

"ಮಂಡಿಯ ಮೇಲಕ್ಕೆ, ಕಾಯಿಲೆ ಮುಟ್ಟದ ಜಾಗದಲ್ಲಿ ಕಾಲು ತೆಗೀಬೇಕು. ಆಮೇಲೆ ಹಗುರದ ಮಾತ್ರೆ ಸಾಕಾಗಬಹುದು. ಕಿಡ್ನಿ ಉಳಿಯುತ್ತೆ ಅಂತ ನಮ್ಮ ನಂಬಿಕೆ." ಯೋಚನೆ ಮಾಡಿ ಅಂತ ಹೇಳಿ ಹೊರಗೆ ಹೋದರು.

ಅಕ್ಕ ಮಾತು ಶುರು ಮಾಡಿದಳು. "ಕಾಲು ತೆಗೆಸೋದು ಬೇಡ. ಔಷಧಿ ಹಾಕ್ಲಿ. ಕಿಡ್ನಿ ಹೋದ್ರೆ ಹೋಗ್ಲಿ, ವಾರವಾರ ಯಂತ್ರಕ್ಕೆ ಕೂರಿಸಿ ರಕ್ತ ತೊಳೆಸ್ತೀನಿ."

"ಅದು ನಿಂದು."

"ಕೊಟ್ಟಮೇಲೆ ನಿಂದು. ಅದರ ಮೇಲೆ ನನ್ನ ಹೆಸರು ಕೊರೆದಿದೆಯಾ? ಕಾಲಿಲ್ಲದೆ ಯಾವ ಗೋಡೆ ಕೆಡವ್ತೀಯ? ಯಾರಿಗೆ ಒದೀತೀಯ?"

ಹಾರೆ ಡ್ರಿಪ್ಪಿನ ಹನಿ ನೋಡಿದ. ಹನಿ ಹನಿ ಇಳಿದು ಅದು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಕಣ್ಣಲ್ಲೇ ಹಿಂಬಾಲಿಸುವ ಹಾಗೆ.

"ಅಕ್ಕ, ಮನೇಲಿ ನಾನು ಹೊಡೀದೆ ಇರೋದು ಯಾರಿಗೆ ಹೇಳು."

"ನಂಗೆ. ಹೊಡೆದು ನೋಡಬೇಕಿತ್ತು, ಗೊತ್ತಾಗ್ತಿತ್ತು."

"ಈ ಡ್ರಿಪ್ಪಿನ ಬಾಟಲಿ ದಿನಾ ಹೊಡೀತಾ ಇರೋದು ನಿಂಗೆ. ನನ್ನ ಹೊಟ್ಟೆಯೊಳಗೆ ಇಟ್ಕೊಂಡು ಹೊಡೀತಾ ಇದೆ. ನಾನು ಮಲಗಿ ನೋಡ್ತಾ ಇದ್ದೀನಿ."

ಅಕ್ಕ ಏನೋ ಹೇಳಲು ಹೋದಳು. ಅವನು ಕೈ ಎತ್ತಿದ. ಹೊಡೆಯಲಿಕ್ಕಲ್ಲ, ತಡೆಯಲಿಕ್ಕೆ. ಬಾಗಿಲಾಚೆ ನಿಂತಿದ್ದ ಡಾಕ್ಟರಿಗೆ ಕೇಳುವ ಹಾಗೆ ಅಂದ, "ತೆಗೀರಿ."

ತೆಗೆದರು. ಮೂಳೆ ಕೊಯ್ಯುವ ಗರಗಸದ ಸದ್ದು ಅವನಿಗೆ ಕೇಳಿಸಲಿಲ್ಲ. ಎಚ್ಚರವಾದ ಮೇಲಿನ ನೋವು ಮಾತ್ರ ಪೂರ್ತಿ ಅವನದೇ. ವಿಚಿತ್ರವೆಂದರೆ ಇಲ್ಲದ ಕಾಲು ನೋಯುತ್ತಿತ್ತು. ಹೋದ ಬೆರಳು ತುರಿಸುತ್ತಿತ್ತು, ಹೋದ ಮಂಡಿಯ ಮೇಲೆ ಯಾರೋ ಕೂತ ಹಾಗೆ ಭಾರವಾಗುತ್ತಿತ್ತು. ಕಾಲು ಕಳಕೊಂಡವರಿಗೆ ಹಾಗಾಗುತ್ತದೆ, ಮೈ ಮರೆಯಲು ಸಮಯ ಬೇಕು ಅಂತ ನರ್ಸು ಹೇಳಿದಳು. ಕಿಡ್ನಿ ಮಾತ್ರ ಮೆಲ್ಲಗೆ ಚೇತರಿಸಿಕೊಂಡಿತು.

ಕೆಲವು ದಿನಗಳ ಮೇಲೆ ಮೊಳೆ ಬಂದ. ಅಕ್ಕ ಹೋಗಿ ಹೇಳಿಬಂದಿದ್ದಳು. ಬಲಗೈಗೆ ಬೆರಳ ಬುಡದವರೆಗೆ ಪಟ್ಟಿ. ಅದರಾಚೆ ಇಣುಕುತ್ತಿದ್ದ ಬೆರಳುಗಳು ಸರಿಯಾಗಿ ಮಡಿಸುತ್ತಿರಲಿಲ್ಲ, ಇನ್ನು ಮಡಿಸುವುದೂ ಇಲ್ಲ ಅಂದಿದ್ದರಂತೆ. ಮಂಚದ ಪಕ್ಕ ನಿಂತ. ಅಣ್ಣನನ್ನು ನೋಡಿದ, ಹೊದಿಕೆ ಒಂದು ಕಡೆ ಚಪ್ಪಟೆಯಾಗಿ ಬಿದ್ದಿದ್ದನ್ನೂ ನೋಡಿದ.

"ನಿಂದಲ್ಲ ಕಣೋ ಅದು" ಅಂದ ಹಾರೆ. "ತೊಲೇದು."

"ಅಕ್ಕ ಹೇಳಿದ್ಲು."

ಹೇಳಿ, ಎಡಗೈಯನ್ನು ಹಿಂದಕ್ಕೆ ತೆಗೆದು ಅಣ್ಣನ ಕೆನ್ನೆಗೆ ಬಾರಿಸಿದ. ವಾರ್ಡು ಪೂರ್ತಿ ತಿರುಗಿ ನೋಡಿತು. ಹಾರೆಯ ತುಟಿ ಒಡೆಯಿತು. ಅವನ ಕೈ ತಂತಾನೇ ಎದ್ದಿತು, ಗಾಳಿಯಲ್ಲಿ ಸ್ವಲ್ಪ ನಿಂತಿತು, ಹೊದಿಕೆಯ ಮೇಲೆ ಇಳಿದು ಬಟ್ಟೆ ಹಿಡಿದುಕೊಂಡಿತು. ನರ್ಸು ಓಡಿ ಬಂದಳು. ಅಕ್ಕ ಅವಳನ್ನು ಕಣ್ಣಲ್ಲೇ ತಡೆದಳು.

"ಆಯ್ತಾ? ಇನ್ನೂ ಇದೆಯಾ?" ಅಂತ ಮೊಳೆಯನ್ನು ಕೇಳಿದಳು.

"ಸಾಕು."

"ಹಾಗಾದ್ರೆ ಕೂತ್ಕೋ."

ಕುರ್ಚಿಯಲ್ಲಿ ಅಕ್ಕ ಇದ್ದಳು. ಮೊಳೆ ಮಂಚದ ಮೇಲೆ ಖಾಲಿ ಕಂಡ ಕಡೆ ಕೂತ. ಹಾರೆ ಹಲ್ಲು ಕಚ್ಚಿದ, ಹಣೆಯಲ್ಲಿ ಬೆವರು ಒಡೆಯಿತು.

"ಸ್ವಲ್ಪ ಆ ಕಡೆ ಸರಿಯೋ" ಅಂದ. "ಮಂಡಿ ಮೇಲೆ ಕೂತಿದ್ದೀಯ."

ಮೊಳೆ ತಾನು ಕೂತ ಬರಿ ಹಾಸಿಗೆಯನ್ನು ನೋಡಿದ. ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡು, ಆ ಕಡೆಗೆ ಸರಿದು ಕೂತ.